ತಪ್ಪಿ ಬಿಚ್ಚಿದ ಸೆನ್ಸರ್

ಅಕ್ಕ ಕೀಲಿ ತಿರುಗಿಸಿದಳು. ಹೊಸ ಆಕ್ಸಿಜನ್ ಸೆನ್ಸರ್ ಕೂರಿಸಿ ಕಾರಿನ ಬಾಗಿಲಿಗೆ ಒರಗಿದ್ದ ತಮ್ಮನಿಗೆ ಇಂಜಿನ್ನಿನ ಗುಂಯ್ಗುಟ್ಟುವಿಕೆ ಎಲ್ಲೋ ನಿದ್ದೆಯೊಳಗಿಂದ ತೇಲಿಬಂದಂತೆ ಕೇಳಿಸಿತು. ಆದರೆ ಇಂಜಿನ್ನಿನಲ್ಲಿ ದೋಷವಿದೆಯೆಂದು ತೋರಿಸುವ ಡ್ಯಾಶ್‌ಬೋರ್ಡಿನ ಹಳದಿ ದೀಪ ಆರಲಿಲ್ಲ. ಜೇನಹನಿಯ ಹಾಗೆ ಮಿನುಗುತ್ತಲೇ ಇತ್ತು.

"ನಿನ್ನ ತಮ್ಮನಿಗೆ ಶಾಲೆ ತಲೆಗೆ ಹತ್ತಲಿಲ್ಲ, ಇಂಜಿನ್ ಹತ್ತುತ್ತಾ?" ಭಾವ ಮನೆ ಮೆಟ್ಟಿಲ ಮೇಲಿಂದ ನಕ್ಕ. "ಮಾತು ಅಂದ್ರೆ ಮಾತು ಕಣೇ. ದೀಪ ಆರದಿದ್ರೆ ಕಾರು ಗುಜರಿಗೆ. ನಾಳೆಯಿಂದ ಕೆಲಸಕ್ಕೆ ಬಸ್ಸಲ್ಲಿ ಹೋಗು."

ತಮ್ಮನಿಗೆ ಸ್ಪ್ಯಾನರ್ ಎತ್ತಿ ಒಗೆಯುವಷ್ಟು ಸಿಟ್ಟು. ಅಂಗಡಿಯವನು ಕೆಟ್ಟ ಮಾಲು ಕೊಟ್ಟ ಎಂಬ ಸುಳ್ಳು ನಾಲಿಗೆ ತುದಿಗೇ ಬಂದಿತ್ತು. ಬಿಚ್ಚಿದ ಹಳೇ ಸೆನ್ಸರನ್ನು ಬಿಸಿಲಿಗೆ ಹಿಡಿದ. ಎಳ್ಳಷ್ಟೂ ಮಸಿಯಿಲ್ಲ, ತುದಿ ಬೆಳ್ಳಗೆ, ಕನಸಿನಷ್ಟು ಸ್ವಚ್ಛ. ಹೊಗೆಕೊಳವೆಯಲ್ಲಿ ಇಂಥವು ಎರಡಿದ್ದವು. ಕೈಗೆ ಸಲೀಸಾಗಿ ಸಿಕ್ಕಿತೆಂದು ಹಿಂದಿನದನ್ನು ಬಿಚ್ಚಿದ್ದ. ಕೆಟ್ಟದ್ದು ಮುಂದೆ, ಇಂಜಿನ್ನಿನ ಮಗ್ಗುಲಲ್ಲಿ, ಹಾಯಾಗಿ ಕೂತಿತ್ತು.

"ಅಕ್ಕಾ, ತಪ್ಪು ನಂದೇ. ಚೆನ್ನಾಗಿರೋದನ್ನೇ ಬಿಚ್ಚಿಬಿಟ್ಟಿದೀನಿ."

ಭಾವ ಕೆಳಗಿಳಿದು ಬಂದು ಕೀಲಿಗೆ ಕೈ ಚಾಚಿದ. ಅಕ್ಕ ಆ ಕೈಯನ್ನು ನೋಡಲೇ ಇಲ್ಲ. ಇಂಜಿನ್ ನಿಲ್ಲಿಸಿ ಕಾರಿನಿಂದ ಇಳಿದಳು, ಆಫೀಸಿನ ಬಟ್ಟೆಯಲ್ಲೇ ಎಣ್ಣೆ ಚೆಲ್ಲಿದ ನೆಲಕ್ಕೆ ಮೊಣಕಾಲೂರಿದಳು, ಕಾರಿನಡಿಗೆ ಟಾರ್ಚ್ ಹಿಡಿದಳು.

"ಮುಂದಿನದು ಎಲ್ಲಿದೆಯೋ, ತೋರಿಸು."