ಅಪ್ಪನ ಎಂಟು ಸಾಲು

ವಿಮರ್ಶೆಯ ಪರೀಕ್ಷೆಗೆ ಕವಿತೆಯನ್ನು ಮನೆಯಿಂದಲೇ ತರಬೇಕಿತ್ತು, ಲೈಬ್ರರಿಯ ಪುಸ್ತಕಗಳೆಲ್ಲ ಎಂದೋ ಖಾಲಿಯಾಗಿದ್ದವು. ಸರಿಯಾದ ಅರ್ಥ ಬರೆದ ಕೂಡಲೇ ಕವಿತೆ ಹಾಳೆಯಿಂದಲೂ ಓದಿದವರ ನೆನಪಿನಿಂದಲೂ ಅಳಿಸಿಹೋಗುತ್ತದೆ. ಹಾಳೆ ಬೆಳ್ಳಗಾದರೆ ಪಾಸು.

ಎರಡು ಸಲ ಫೇಲಾಗಿದ್ದ ನೀಲಾಂಬಿಕೆ ಈ ಸಲ ತಂದದ್ದು, ತೀರಿಹೋದ ಅಪ್ಪ ಬೆಳದಿಂಗಳನ್ನು ಕರೆದು ಬರೆದಿದ್ದ ಎಂಟು ಸಾಲು. ಅಪ್ಪನದೆಂದು ಉಳಿದದ್ದು ಅದೊಂದೇ.

"ಲಗೂನ ಬರಿಯವಾ, ಟೈಮ್ ಆತು," ಎಂದರು ಮೇಲ್ವಿಚಾರಕಿ ಗುರುಬಸಮ್ಮ.

ನೀಲಾಂಬಿಕೆ ಪೆನ್ನು ಎತ್ತಿಕೊಂಡಳು. ಮತ್ತೆ ಫೇಲಾದರೂ ಆಗಲಿ, ಅಪ್ಪ ಉಳಿಯಲಿ ಎಂದುಕೊಂಡು ಬೇಕೆಂದೇ ಸುಳ್ಳು ಗೀಚಿದಳು: 'ಇಲ್ಲಿ ಪ್ರೇಮವೂ ಇಲ್ಲ, ದೇವರೂ ಇಲ್ಲ. ಈ ಮನುಷ್ಯನಿಗೆ ಕತ್ತಲೆಂದರೆ ಹೆದರಿಕೆ, ಅಷ್ಟೇ.'

ಮೊದಲ ಸಾಲು ಮಸುಕಾಯಿತು.

ಅಪ್ಪ ಮಲಗುವಾಗಲೂ ದೀಪ ಆರಿಸಲು ಬಿಡುತ್ತಿರಲಿಲ್ಲ ಎಂಬುದು ಅವಳಿಗೆ ಆಗ ನೆನಪಾಯಿತು. "ಅಯ್ಯೋ, ಅಲ್ಲ, ಅಲ್ಲ!" ಎನ್ನುತ್ತ ತಾನು ಬರೆದದ್ದನ್ನೆಲ್ಲ ಹೊಡೆದುಹಾಕಿದಳು. ಉಳಿದ ಸಾಲುಗಳೂ ಒಂದೊಂದಾಗಿ ಹೋದವು.

"ಪಾಸಾದಿ ನೋಡವಾ! ಮತ್ಯಾಕ ಅಳಾಕತ್ತಿ?"

ನೀಲಾಂಬಿಕೆ ಬಿಳಿ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದರಾಗ ಏನ್ ಬರದಿತ್ರಿ, ಅಕ್ಕೋರ?"