ಬೀಮ್ ಮೇಡಂ ಪೆನ್ಸಿಲ್ ಕೊಟ್ಟದ್ದು

"ನನ್ನ ಬೀಮಿಗೆ ತೂತು ಕೊರೆಯೋ ಮಾತೇ ಬೇಡ," ಎನ್ನುತ್ತ ಹಿರಿಯ ಇಂಜಿನಿಯರ್ ನಕ್ಷೆಯ ಮೇಲೆ ಅಂಗೈ ಊರಿದರು. ಕಟ್ಟಡದ ಭಾರದ ಲೆಕ್ಕವೆಲ್ಲ ಅವರದು. ಆ ಸಲಹಾ ಸಂಸ್ಥೆಯಲ್ಲಿ ಅವರಿಗೆ ಬೀಮ್ ಮೇಡಂ ಎಂದೇ ಹೆಸರು. ಎದುರಿಗಿದ್ದ ಎ.ಸಿ. ಇಂಜಿನಿಯರ್ ತಲೆ ಕೆರೆದುಕೊಂಡ. ಆಸ್ಪತ್ರೆಯ ಹಸುಗೂಸುಗಳ ವಾರ್ಡಿಗೆ ಗಾಳಿ ಒಯ್ಯುವ ಕೊಳವೆಗೆ ಚಾವಣಿ ಹೊತ್ತ ಆ ಬೀಮೇ ಅಡ್ಡ. ತಮ್ಮ ತಮ್ಮ ಕೋಣೆಯಿಂದ ಇಮೇಲ್‌ನಲ್ಲೇ ಜಗಳವಾಡಿ ಸುಸ್ತಾದ ಇಬ್ಬರೂ ಇವತ್ತು ಮೊದಲ ಸಲ ಒಂದೇ ಮೇಜಿಗೆ ಬಂದಿದ್ದರು.

ಮೇಜಿನ ತುದಿಯಲ್ಲಿ ಬೇರೇನೋ ಕೆಲಸದಲ್ಲಿದ್ದ, ಕಟ್ಟಡಗಳ ಸದ್ದು ತಗ್ಗಿಸುವ ಶಬ್ದತಜ್ಞೆ ತಲೆಯೆತ್ತಿದಳು. "ಕೊಳವೆ ಮಕ್ಕಳ ತಲೆ ಮೇಲೇ ಹೋಗುತ್ತಾ? ಅದರ ಗುಂಯ್ ಸದ್ದಿಗೆ ಒಂದು ಕೂಸೂ ನಿದ್ದೆ ಮಾಡಲ್ಲ. ನನ್ನ ಮಗಳು ಫ್ಯಾನ್ ಕಿರ್ ಅಂದ್ರೆ ಸಾಕು, ಮನೆಯೋರನ್ನೆಲ್ಲ ಎಬ್ಬಿಸಿ ಕೂರಿಸ್ತಿದ್ಲು. ಕಾರಿಡಾರ್ ಮೇಲೆ ಒಯ್ದು, ಅಲ್ಲಿಂದ ಸಣ್ಣ ಕವಲು ಒಳಗೆ ಬಿಡಿ."

"ಅಲ್ಲೂ ಬೀಮ್ ಇದೆಯಲ್ರೀ!" ಎಂದು ಅವನು ಕೈಚೆಲ್ಲಿದ.

ಬೀಮ್ ಮೇಡಂ ನಕ್ಷೆಯ ಮೇಲಿದ್ದ ಅಂಗೈ ತೆಗೆದರು. ಕಾರಿಡಾರಿನ ಬೀಮಿಗೆ ಭಾರ ಕಡಿಮೆ, ಅದರ ದಪ್ಪ ಇಳಿಸಬಹುದು ಎಂಬುದು ಅವರಿಗೆ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಅವರು ನಕ್ಷೆಯನ್ನು ಇಬ್ಬರ ಕಡೆಗೂ ತಿರುಗಿಸಿ, ಯಾರಿಗೂ ಮುಟ್ಟಗೊಡದ ತಮ್ಮ ಪೆನ್ಸಿಲನ್ನು ಶಬ್ದತಜ್ಞೆಯ ಕೈಗಿಟ್ಟರು. "ಅಲ್ಲಿ ದಪ್ಪ ಇಳಿಸಿಕೊಡ್ತೀನಿ, ಕೊಳವೆ ಕೆಳಗಿಂದ ನುಸುಳಿ ಹೋಗಲಿ. ಗೆರೆ ನೀನೇ ಎಳಿಯಮ್ಮ." ಗೆರೆ ಸ್ವಲ್ಪ ಸೊಟ್ಟಗೆ ಬಂತು. ಬೀಮ್ ಮೇಡಂ ತಿದ್ದಲಿಲ್ಲ. ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.