ಸಂಪಾದಕಿಯ ಮುಂಗೈ

ಪತ್ರಿಕೆಯಲ್ಲಿ ಅಚ್ಚಾದ ಸುದ್ದಿ ಸುಳ್ಳಾದರೆ, ತಿದ್ದುಪಡಿ ಬರುವವರೆಗೂ ಅದು ಸಂಪಾದಕರ ಮುಂಗೈ ಮೇಲೆ ಹಸಿರು ಅಕ್ಷರಗಳಲ್ಲಿ ಮೂಡಿರುತ್ತಿತ್ತು. ಅದಕ್ಕೇ ಧಾರವಾಡದ ಕಾಲೇಜೊಂದರ ಪತ್ರಿಕೆಯ ಸಂಪಾದಕಿ ಶಶಿಕಲಾ, ‘ಹಾಸ್ಟೆಲ್ ಹಾಲಿಗೆ ನೀರು’ ಎಂಬ ಸುದ್ದಿ ಕೈಸೇರಿದಾಗ ಮೂರು ದಿನ ಬೆಳಗ್ಗೆ ತಾನೇ ಅಡುಗೆಮನೆಯಲ್ಲಿ ನಿಂತು ನೋಡಿಬಂದಳು.

ಅಚ್ಚಿಗೆ ಮೊದಲು ಪ್ರಿನ್ಸಿಪಾಲರು ಕರೆಸಿದರು. “ಈ ಸುದ್ದಿ ತಗದಬಿಡವಾ. ಕಾಲೇಜಿನ ಮರ್ಯಾದಿ ಪ್ರಶ್ನೆ.”

“ಕಣ್ಣಾರೆ ನೋಡೇನ್ರಿ ಸರ್. ಸುಳ್ಳಾದ್ರ ನನ್ನ ಕೈ ಮ್ಯಾಲೇ ಬರತೈತಿ. ತಗದ್ರ ನಾವು ನೀರ ಕುಡಕೋತ ಇರಬೇಕು, ಅಷ್ಟ.”

ಅವಳು ಹೆದರುತ್ತಲೇ ಅಚ್ಚು ಹಾಕಿಸಿದಳು.

ಮರುದಿನ ಗೆಳತಿಯರೆಲ್ಲ ಅವಳ ಕೈ ನೋಡಲು ಮುಗಿಬಿದ್ದರು. ಬಳೆ ಸರಿಸಿದಳು, ಒಂದಕ್ಷರವೂ ಇರಲಿಲ್ಲ. ವಾರದೊಳಗೆ ಹಾಸ್ಟೆಲ್ ಚಹಾದ ಮೇಲೆ ಕೆನೆ ಕಟ್ಟತೊಡಗಿತು. ಪ್ರಿನ್ಸಿಪಾಲರೂ ದಿನಾ ಸಂಜೆ ಅಲ್ಲಿಗೇ ಚಹಾಕ್ಕೆ ಬರತೊಡಗಿದರು.